ಗ್ಯಾಸಿನ ಮೇಲೆ ನಕ್ಕ ಹಂಚು

ಮಕ್ಕಳೇ, ಶಕುನ, ಸೂಚನೆ ಇವನ್ನೆಲ್ಲ ನಾನು ನಂಬಿದವಳಲ್ಲ. ಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಓದಿದ್ದೇನೆ; ಹೊರಗಿನವರ ಮುಂದೆ ಬಾಯಿ ಬಿಡಲು ಇಂದಿಗೂ ನಾಚಿಕೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ಓದಿ ನಗುವುದಾದರೆ ನಗಿ.

ನಮ್ಮ ವಿಜಯಪುರದ ಕಡೆ ಕಟ್ಟಿಗೆ ಒಲೆಯಿಂದ ರೊಟ್ಟಿ ಹಂಚು ಇಳಿಸಿದಾಗ, ತಳದ ಮಸಿಯಲ್ಲಿ ಒಮ್ಮೊಮ್ಮೆ ಕಿಡಿಗಳು ಮಿಣಮಿಣ ಓಡಾಡುತ್ತವೆ. ಅದಕ್ಕೆ ‘ಹಂಚು ನಕ್ಕಿತು’ ಎನ್ನುತ್ತಾರೆ. ಹಂಚು ನಕ್ಕರೆ ಮನೆಗೆ ಮಂದಿ ಬರುತ್ತಾರಂತೆ. ನನ್ನ ಅವ್ವ ಕಿಡಿ ಎಣಿಸಿ ಅಷ್ಟು ಜನಕ್ಕೆ ಹಿಟ್ಟು ನಾದುತ್ತಿದ್ದಳು. ಎಷ್ಟೋ ಸಲ ಯಾರೂ ಬರದೆ ಆ ರೊಟ್ಟಿಗಳನ್ನು ನಾವೇ ತಿಂದು ಮುಗಿಸಿದ್ದೇವೆ.

ನಿಮ್ಮ ಶೈಲಾ ಅತ್ತೆ ನೌಕಾಪಡೆಯಲ್ಲಿ ಗುಪ್ತಚರ ಅಧಿಕಾರಿ. ಸಮುದ್ರದ ಮೇಲೆ ಯಾರು ಬಂದರು, ಯಾಕೆ ಬಂದರು, ಅವರು ಹೇಳಿದ್ದು ನಿಜವೋ ಸುಳ್ಳೋ ಎಂದು ತಿಳಿಯುವುದು ಅವಳ ಕೆಲಸ. ಎಲ್ಲಿಗೆ ಹೋಗುತ್ತೇನೆಂದು ನನಗೂ ಹೇಳುವಂತಿಲ್ಲ. ಹಡಗು ದಡದ ಹತ್ತಿರ ಬಂದಾಗಷ್ಟೇ ಅವಳ ಫೋನಿಗೆ ಜೀವ. ಅದಕ್ಕೇ ನಾನು ಫೋನಿನಲ್ಲಿ ಮಾತಾಡಿ ಧ್ವನಿ ಸಂದೇಶ ಕಳಿಸುತ್ತೇನೆ. “ಅಜ್ಜಿ, ಬಟನ್ ದಬಾಸು, ಬೋಲು, ಬಿಡು” ಎಂದು ನಿಮ್ಮ ಅರೆ ಹಿಂದಿಯಲ್ಲಿ, ಗುಂಡಿ ಒತ್ತಿ ಮಾತಾಡುವುದನ್ನು ಕಲಿಸಿದವರು ನೀವೇ.

ಮೂರು ವರ್ಷದ ಹಿಂದೆ ಒಂದು ಮುಂಜಾನೆ, ಸಯನ್ನಿನ ನಮ್ಮ ಫ್ಲ್ಯಾಟಿನ ಇದೇ ಅಡುಗೆಮನೆಯಲ್ಲಿ, ಕೊನೆಯ ರೊಟ್ಟಿ ಬೇಯಿಸಿ ಹಂಚು ಇಳಿಸಿದೆ. ಅದು ನಕ್ಕಿತು. ಗ್ಯಾಸಿನ ಹಂಚಿಗೆ ಮಸಿ ಎಲ್ಲಿಯದು? ಹಿಂದಿನ ದಿನವಷ್ಟೇ ತಳ ತಿಕ್ಕಿದ್ದೆ. ಆದರೂ ನಾಲ್ಕು ಕಿಡಿ: ಮೂರು ಒಂದೆಡೆ, ಒಂದು ದೂರ, ಅಂಚಿನಲ್ಲಿ. ತಮಾಷೆ ಎನಿಸಿ ಶೈಲಾಗೆ ಹೇಳಿ ಕಳಿಸಿದೆ: “ಹಂಚು ನಕ್ಕೈತಿ ನೋಡವಾ, ನಾಲ್ಕು ಮಂದಿ ಬರ್ತಾರ.”

ಮಧ್ಯಾಹ್ನ ಅವಳ ಫೋನ್ ಬಂತು. ಮಗಳ ಧ್ವನಿಯಾಗಿರಲಿಲ್ಲ ಅದು, ಅಧಿಕಾರಿಯ ಧ್ವನಿ.

“ಅವ್ವಾ, ನಾಲ್ಕು ಅಂತ ನಿನಗ ಯಾರು ಹೇಳಿದ್ರು?”

“ಯಾರು ಹೇಳ್ತಾರ? ಹಂಚು.”

“ಚ್ಯಾಷ್ಟಿ ಮಾಡಬ್ಯಾಡ. ತೊಯ್ದಾರ ಅಂತ ಯಾಕ ಅಂದಿ?”

“ನಾ ಎಲ್ಲಿ ಹಂಗ ಅಂದೇನಿ?”

ಫೋನ್ ಕಟ್ಟಾಯಿತು. ಕಳಿಸಿದ್ದನ್ನು ಹಾಕಿ ಕೇಳಿದೆ. ನನ್ನದೇ ಧ್ವನಿ. ನಾಲ್ಕು ಮಂದಿ ಬರ್ತಾರ ಎಂದಾದ ಮೇಲೆ, ಸ್ವಲ್ಪ ತಡೆದು: “ತೊಯ್ದಾರ. ಒಬ್ಬರು ಹಿಂದ ಉಳದಾರ.” ಆ ಮಾತು ಆಡಿದ ನೆನಪು ನನಗೆ ಇಲ್ಲವೇ ಇಲ್ಲ.

ಇಪ್ಪತ್ತು ದಿನಗಳ ಮೇಲೆ ಶೈಲಾ ಮನೆಗೆ ಬಂದಳು. ಊಟಕ್ಕೆ ಕುಳಿತು ಬಹಳ ಹೊತ್ತು ರೊಟ್ಟಿ ಮುರಿಯಲಿಲ್ಲ. ಆ ದಿನ ಒಡೆದ ದೋಣಿಯೊಂದರಿಂದ ಮೂವರನ್ನು ಎತ್ತಿಕೊಂಡಿದ್ದರಂತೆ. ದೋಣಿ ಕಂಡದ್ದೇ ನನ್ನ ಮಾತು ಹೋದ ಒಂದು ತಾಸಿನ ಮೇಲೆ. ವಿಚಾರಿಸಿದವಳು ಇವಳೇ. ನಾವು ಮೂವರೇ ಇದ್ದೆವು ಎಂದು ಮೂವರೂ ಹೇಳಿದರು. ಇವಳು ನಂಬಿ ಹಾಗೆಯೇ ಬರೆದುಕೊಟ್ಟಳು. ಹಡಗು ದಡಕ್ಕೆ ತಿರುಗಿತು. ಆಗ ಫೋನಿನಲ್ಲಿ ನನ್ನ ಮಾತು ಕೇಳಿದ್ದಾಳೆ.

“ಹಡಗು ಹಿಂದಕ್ಕ ಹೊಳ್ಳಸ್ರಿ ಅಂದೆ. ಖಬರ್ ಎಲ್ಲಿಂದ ಬಂತು ಅಂತ ಸಾಹೇಬ್ರು ಕೇಳಿದ್ರು. ಏನ್ ಹೇಳ್ಲಿ, ಹಂಚು ಅಂತನಾ?” ನಗಲು ಹೋದಳು, ಆಗಲಿಲ್ಲ. “ಮೂವರ ಮಾತು ಒಂದಕ್ಕೊಂದು ಕೂಡಂಗಿಲ್ಲ ಅಂದೆ. ಕೂಡತಿದ್ವು, ಅವ್ವಾ. ನಾ ಸುಳ್ಳು ಹೇಳಿದೆ.”

“ಮತ್ತ, ಸಿಕ್ರೇನು?”

“ಅದನ್ನ ಹೇಳಾಕ ಬರಂಗಿಲ್ಲ.”

ಅವಳು ಎರಡೂ ಫೋನುಗಳಿಂದ ಆ ಸಂದೇಶವನ್ನು ಅಳಿಸಿದಳು. ಮರುದಿನ ಹೊರಡುವಾಗ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ನನ್ನ ಮುಖ ನೋಡದೆ ಕೇಳಿದಳು: “ಅವ್ವಾ, ಹಿಂದ ಉಳದವರು ಹೆಣ್ಮಗಳು ಅಂತ ನಿನಗ ಗೊತ್ತಿತ್ತೇನು?”

ಇಲ್ಲ ಎಂದೆ. ಆ ಹೆಣ್ಣುಮಗಳು ಬದುಕಿದಳೋ ಇಲ್ಲವೋ ಎಂದು ಕೇಳಲು ಬಾಯಿ ಬರಲಿಲ್ಲ. ಇಂದಿಗೂ ಬಂದಿಲ್ಲ.