ರೋಸಾ ಒರೆಸಿದ ಎಲೆ

ಗರಗಸ ಹಿಡಿದವನು ಏಣಿ ಹತ್ತುವಷ್ಟರಲ್ಲಿ ಪಕ್ಕದ ಮನೆಯ ರೋಸಾ ನಮ್ಮ ಹಿತ್ತಲಿಗೇ ಬಂದುಬಿಟ್ಟರು. ಎಂಬತ್ತು ದಾಟಿದ ಇಟಲಿಯ ಹೆಂಗಸು. ನಾವು ಲಾಸ್ ಆಲ್ಟೋಸ್‌ಗೆ ಬಂದ ಆರು ವರ್ಷಗಳಲ್ಲಿ ನಮ್ಮ ಮಾತು ‘ಹಲೋ’ ದಾಟಿರಲಿಲ್ಲ. ಹಣ್ಣು ಬಿದ್ದು ಕಾಂಕ್ರೀಟೆಲ್ಲ ಕಲೆಯಾಗುತ್ತದೆಂದು ನಾನು ಹಿಪ್ಪುನೇರಳೆ ಮರ ಕಡಿಸಲು ಹೊರಟಿದ್ದೆ.

ರೋಸಾ ಒಂದು ಎಲೆ ಕಿತ್ತು, ಮೇಲಿನ ಇಬ್ಬನಿಯನ್ನು ಏಪ್ರನ್ನಿನ ಅಂಚಿನಿಂದ ಎರಡೂ ಬದಿ ಒರೆಸಿದರು. ಇದನ್ನೆಲ್ಲೋ ನೋಡಿದ್ದೇನಲ್ಲ ಅನ್ನಿಸಿತು. ಮದ್ದೂರಿನ ಹತ್ತಿರದ ನಮ್ಮೂರಲ್ಲಿ ಅಮ್ಮ ಸೆರಗಿನಿಂದ ಹೀಗೇ ಒರೆಸುತ್ತಿದ್ದಳು!

“ಒದ್ದೆ ಸೊಪ್ಪು ತಿಂದ್ರೆ ಹುಳ ಸಾಯುತ್ತೆ, ಅಲ್ವಾ?” ಎಂದೆ ಇಂಗ್ಲಿಷಿನಲ್ಲಿ.

ಅವರು ನನ್ನ ಕೈ ಹಿಡಿದುಕೊಂಡರು. “ನಿಮ್ಮನೇಲೂ ರೇಷ್ಮೆ ಹುಳ ಸಾಕ್ತಿದ್ರಾ? ನಮ್ಮಮ್ಮ ಮೊಟ್ಟೆಗಳನ್ನ ಬಟ್ಟೇಲಿ ಕಟ್ಟಿ, ಎದೆಗಿಟ್ಕೊಂಡು ಕಾವು ಕೊಡೋಳು. ಬೆಚ್ಚಗಿನ ಕೋಣೆ ಹುಳಕ್ಕೆ, ಹಸುವಿನ ಕೊಟ್ಟಿಗೆ ನಮಗೆ! ಕಡಿಸಬೇಡಮ್ಮ. ದಿನಾ ಅಡುಗೆಮನೆ ಕಿಟಕಿಯಿಂದ ಈ ಮರಾನೇ ನೋಡ್ತೀನಿ.”

ಗರಗಸದವನನ್ನು ವಾಪಸು ಕಳಿಸಿದೆ. ಇಟಲಿಯಲ್ಲೂ ರೇಷ್ಮೆ ಹುಳ ಸಾಕುತ್ತಿದ್ದರಂತೆ ಎಂದು ಸಂಜೆ ಫೋನಿನಲ್ಲಿ ಹೇಳಿದರೆ ಅಮ್ಮ ನಂಬಲೇ ಇಲ್ಲ.

“ಹುಳ ಎಷ್ಟು ಸಲ ಜ್ವರಕ್ಕೆ ಕೂರ್ತಿದ್ವು ಅಂತ ಕೇಳು, ಗೊತ್ತಾಗುತ್ತೆ,” ಎಂದಳು. ಹುಳು ಮೇವು ಬಿಟ್ಟು ಪೊರೆ ಕಳಚುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ.

ಮರುದಿನ ಬೇಲಿಯ ಬಳಿ ನಿಂತು, ಪೊರೆಯ ವಿಷಯ ಬಿಡಿಸಿ ಹೇಳಿ ಕೇಳಿದೆ. ರೋಸಾ ನಕ್ಕು ನಾಲ್ಕು ಬೆರಳು ತೋರಿಸಿದರು. ನಮ್ಮಮ್ಮನ ಹುಳಕ್ಕೂ ನಾಲ್ಕೇ ಜ್ವರ.