ಗಂಟೆ ಹೊಡೆದ ಮೇಲೆ ಟಿಕೆಟ್

ಆ ಪುಟ್ಟ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತನಿಗೆ ಊರವರು ಇಟ್ಟ ಹೆಸರು ಕಿಂಡಿ ಸಾಹೇಬ. ಅವನನ್ನು ಪೂರ್ತಿಯಾಗಿ ಕಂಡವರು ಕಡಿಮೆ. ಹಲಗೆ ಸರಿದರೆ ಒಂದು ಮೂಗು, ಅರ್ಧ ಮೀಸೆ, ಉಗುರು ನೀಟಾಗಿ ಕತ್ತರಿಸಿದ ಒಂದು ಕೈ, ಅಷ್ಟೇ ದರ್ಶನ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನಿಗೆ ಐಶ್ವರ್ಯವೂ ಬಂದಿರಲಿಲ್ಲ, ಬಂದದ್ದು ಬರೀ ಒಂದು ಕಿಂಡಿ. ಅದಕ್ಕೇ ಇಷ್ಟು ಜಂಬ.

ಬೆಳಗಿನ ಗಾಡಿ ಹಿಂದಿನ ಸ್ಟೇಷನ್ ಬಿಟ್ಟಿತು ಎಂದರೆ ಇಲ್ಲಿ ಗಂಟೆ ಹೊಡೆಯುತ್ತಾರೆ. ಗಂಟೆ ಹೊಡೆಯದೆ ಕಿಂಡಿ ತೆರೆಯುವಂತಿಲ್ಲ, ಗಾಡಿ ಸಿಗ್ನಲ್ ದಾಟಿದ ಮೇಲೆ ತೆರೆದಿರುವಂತಿಲ್ಲ. ಇದು ಅವನ ನಿಯಮ. ನಡುವೆ ಸಿಗುವ ಹೊತ್ತಿನಲ್ಲಿ ಬಿಸಿ ಚಹಾ ಕುಡಿದು ಮುಗಿಸುವುದೂ ಕಷ್ಟ. ಅಷ್ಟರಲ್ಲೇ ಅವನು ಮೊದಲು ಮೇಜು ಒರೆಸಬೇಕು, ಕನ್ನಡಕ ಒರೆಸಬೇಕು, ಬಂದ ನೋಟನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಬೇಕು. "ಚಿಲ್ಲರೆ ಇಲ್ವಾ? ಪಕ್ಕಕ್ಕೆ ನಿಲ್ಲಿ," ಎನ್ನಬೇಕು. ಸಾಲಿನಲ್ಲಿ ಮುಂದಿದ್ದ ಮೂರು ನಾಲ್ಕು ಜನಕ್ಕೆ ಟಿಕೆಟ್ ಸಿಕ್ಕಿದರೆ ಅವರ ಪುಣ್ಯ. ಉಳಿದವರು ಓಡಿ ಹತ್ತುತ್ತಿದ್ದರು.

ಮೊದಮೊದಲು ಹೆದರಿ ಹತ್ತಿದರು. ಆಮೇಲೆ ರುಚಿ ಹತ್ತಿತು. ಮರಗೆಲಸದ ಬಡಗಿ ಗರಗಸದ ಚೀಲ ಹಿಡಿದು ನೇರವಾಗಿ ಪಾಯಿಖಾನೆಯೊಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದ. ಮೊಟ್ಟೆ ಮಾರುವ ಅಜ್ಜಿಗೆ ಟಿಕೆಟ್ ತಪಾಸಣೆಯವನ ಕರಿ ಕೋಟು ಕಂಡ ಕೂಡಲೇ ಕಿವಿ ಕೇಳಿಸುತ್ತಿರಲಿಲ್ಲ. ಕಳ್ಳತನವನ್ನು ಯಾರೂ ಹೊಗಳಬೇಕಾಗಿಲ್ಲ. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡದಿದ್ದರೆ ಭಕ್ತರು ಗೋಡೆ ಹಾರದೆ ಇನ್ನೇನು ಮಾಡುತ್ತಾರೆ? ಕೊನೆಗೆ ಸಾಲಿನಲ್ಲಿ ನಿಲ್ಲುವವರೇ ಇಲ್ಲವಾದರು.

"ಥೂ, ಹುಟ್ಟುಗಳ್ಳರ ಊರು ಇದು," ಎಂದು ಅವನು ದಿನಾ ಊಟದ ಜೊತೆಗೆ ಉಗಿಯುತ್ತಿದ್ದ. ತಪ್ಪದೆ ಟಿಕೆಟ್ ಕೊಳ್ಳುತ್ತಿದ್ದವಳು ಒಬ್ಬಳೇ, ಅವನ ಹೆಂಡತಿ. ಅವಳು ಜಂಕ್ಷನ್ನಿನ ಅಂಗಿ ಕಾರ್ಖಾನೆಯಲ್ಲಿ ಗುಂಡಿ ಹೊಲಿಯುತ್ತಿದ್ದಳು. ಅವಳೂ ಮುಚ್ಚಿದ ಹಲಗೆಯ ಮುಂದೆ ನಿಂತು ಗಂಟೆಗೆ ಕಾಯಬೇಕು. ಕೈ ನೀಡಿದರೆ, ಯಾರೋ ಏನೋ ಎಂಬಂತೆ "ಎಲ್ಲಿಗೆ?" ಎಂದು ಕೇಳುತ್ತಿದ್ದ. "ಹೆಂಡ್ತಿ ಅಂತ ಒಂದು ನಿಮಿಷ ಮುಂಚೆ ತೆಗೆದವನಲ್ಲ ನಾನು," ಎಂದು ಮೀಸೆ ತಿರುವುತ್ತಿದ್ದ. ಅದನ್ನು ಅವನು ಪ್ರಾಮಾಣಿಕತೆ ಎಂದುಕೊಂಡಿದ್ದ.

ಒಂದು ದಿನ ಮೇಲಿನವರು ಹೇಳಿ ಕಳಿಸಿದರು. ಟಿಕೆಟ್ ಕೊಳ್ಳುವವರಿಲ್ಲದ ಕಡೆ ಗಾಡಿ ನಿಲ್ಲಿಸುವುದು ದಂಡ, ಬರುವ ಸೋಮವಾರ ಇನ್ಸ್‌ಪೆಕ್ಟರ್ ಬಂದು ಕಣ್ಣಾರೆ ನೋಡುತ್ತಾರೆ, ಆಮೇಲೆ ತೀರ್ಮಾನ. ಗಾಡಿ ನಿಲ್ಲದಿದ್ದರೆ ಕಿಂಡಿ ಮುಚ್ಚುತ್ತದೆ, ಅವನಿಗೆ ದೂರದೂರಿಗೆ ವರ್ಗವಾಗುತ್ತದೆ. ಹೆಂಡತಿಯೂ ಕೆಲಸ ಬಿಟ್ಟು ಹಿಂದೆ ಹೋಗಬೇಕು. ವರ್ಷಗಟ್ಟಲೆ ಕತ್ತು ಬಗ್ಗಿಸಿ ದುಡಿದ ಮೇಲೆ ಹೋದ ತಿಂಗಳಷ್ಟೇ ಅವಳನ್ನು ಗುಂಡಿ ವಿಭಾಗಕ್ಕೆ ಮೇಲ್ವಿಚಾರಕಿ ಮಾಡಿದ್ದರು.

"ಒಂದರ್ಧ ಗಂಟೆ ಮುಂಚೆ ಕಿಂಡಿ ತೆಗೀರಿ. ಜನ ತಾವಾಗೇ ಬರ್ತಾರೆ."

"ನಿಯಮ ಅಂದ್ರೆ ನಿಯಮ ಕಣೇ."

"ಯಾರು ಮಾಡಿದ್ದು ರೀ ಆ ನಿಯಮ?"

"ಹಿಂದೆ ಇದ್ದವರು ಹಾಗೇ ಮಾಡ್ತಿದ್ರು."

ಹಿಂದೆ ಇದ್ದ ಗುಮಾಸ್ತ ಶುದ್ಧ ಸೋಮಾರಿ. ಗಂಟೆ ಹೊಡೆಯುವವರೆಗೆ ಮೇಜಿನ ಮೇಲೆ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ. ಅವನ ಆ ನಿದ್ದೆಯೇ ಈ ಮಹಾನುಭಾವನ ಕೈಗೆ ಬಂದು ನಿಯಮವಾಗಿತ್ತು!

ಗಂಡನ ಹತ್ತಿರ ಮಾತಾಡುವುದಕ್ಕಿಂತ ಗೋಡೆಯ ಹತ್ತಿರ ಮಾತಾಡುವುದು ಮೇಲು ಎಂದುಕೊಂಡು ಅವಳು ಮನೆ ಮನೆ ತಿರುಗಿದಳು. "ಗಾಡಿ ನಿಲ್ಲದೇ ಹೋದ್ರೆ ಮೊಟ್ಟೆ ಬುಟ್ಟಿ ಹೊತ್ಕೊಂಡು ಜಂಕ್ಷನ್‌ಗೆ ನಡೀತೀಯಾ ಅಜ್ಜಿ?" ಎಂದು ಗದರಿದಳು. ಬಡಗಿಗೆ ಕೈ ಮುಗಿದಳು. "ನಿನ್ನ ಮುಖ ನೋಡಿ ಬರ್ತೀವಿ ತಾಯಿ, ಆ ಮೂಗು ನೋಡಿ ಅಲ್ಲ," ಎಂದ ಬಡಗಿ.

ಸೋಮವಾರ ಬೆಳಿಗ್ಗೆ ಸಾಲು ಸ್ಟೇಷನ್ನಿನ ಮೆಟ್ಟಿಲು ಇಳಿದು ಬೀದಿಯವರೆಗೆ ಹೋಗಿತ್ತು. ಎಲ್ಲರ ಮುಷ್ಟಿಯಲ್ಲೂ ಚಿಲ್ಲರೆ. ಹೆಂಡತಿ ಎಲ್ಲರನ್ನೂ ಮುಂದೆ ಬಿಟ್ಟು ಕೊನೆಯಲ್ಲಿ ನಿಂತಿದ್ದಳು. ಇನ್ಸ್‌ಪೆಕ್ಟರ್ ಪ್ಲಾಟ್‌ಫಾರ್ಮಿನ ಬೆಂಚಿನಲ್ಲಿ ಕೂತಿದ್ದರು. ಹಲಗೆಯ ಸಂದಿನಿಂದ ಇಣುಕಿದ ಕಿಂಡಿ ಸಾಹೇಬನಿಗೆ ಎದೆಯುಬ್ಬಿತು. ಕೊನೆಗೂ ಬಗ್ಗಿದರಲ್ಲ ನನ್ಮಕ್ಕಳು! ಹೆಂಡತಿ ಅಲೆದದ್ದು ಅವನ ತಲೆಗೆ ಹೊಳೆಯಲೇ ಇಲ್ಲ. ತಾನೆಷ್ಟು ಶಿಸ್ತಿನವನೆಂದು ಇವತ್ತು ಇನ್ಸ್‌ಪೆಕ್ಟರ್ ಸಾಹೇಬರೇ ನೋಡಲಿ ಎಂದುಕೊಂಡು ಗಂಟೆಗೆ ಕಾದ.

ಗಂಟೆ ಹೊಡೆಯಿತು. ಹಲಗೆ ಸರಿಯಿತು. ಅವನು ಮೇಜು ಒರೆಸಿದ. ಕನ್ನಡಕ ಒರೆಸಿದ.

"ಇಷ್ಟು ದಿನ ಎಲ್ಲಿ ಹೋಗಿದ್ಯಪ್ಪಾ?" ಎಂದ ಬಡಗಿಗೆ.

"ಟಿಕೆಟ್ ಕೊಡಿ ಸ್ವಾಮಿ, ಜಂಕ್ಷನ್‌ಗೆ."

"ಕೊಡ್ತೀನಿ. ಮೊದಲು ಕೇಳಿದ್ದಕ್ಕೆ ಉತ್ತರ ಹೇಳು."

ಬಡಗಿ ಹಲ್ಲು ಕಚ್ಚಿ ಟಿಕೆಟ್ ಪಡೆದ. ಕಿಂಡಿ ಸಾಹೇಬ ಅಜ್ಜಿಯ ನಾಣ್ಯ ಸವೆದಿದೆ ಎಂದು ವಾಪಸ್ ತಳ್ಳಿದ. ಅಜ್ಜಿ ಸೆರಗಿನ ಗಂಟು ಬಿಚ್ಚುತ್ತಾ ನಿಂತಳು. ಹಿಂದಿನಿಂದ ಹೆಂಡತಿ, "ರೀ, ಬೇಗ ಬೇಗ ಕೊಡ್ರೀ!" ಎಂದು ಕೂಗಿದಳು.

"ಸಾಲಲ್ಲಿ ಗಲಾಟೆ ಬೇಡ," ಎಂದ ಗಂಡ.

ಗಾಡಿ ಸಿಗ್ನಲ್ ದಾಟಿತು. ಬೇರೆ ನಾಣ್ಯ ನೀಡಿದ ಅಜ್ಜಿಯ ಬೆರಳು ಇನ್ನೂ ಒಳಗಿರುವಾಗಲೇ ಹಲಗೆ ಮುಚ್ಚಿಬಂತು. ಅವಳು ಹಾ ಎಂದು ಕೈ ಎಳೆದುಕೊಂಡಳು. ಹೊರಗಿನಿಂದ ಯಾರೋ ದಬದಬ ಬಡಿದರು.

"ಹೊತ್ತು ಮುಗೀತು! ಟಿಕೆಟ್ ಇಲ್ಲ!"

ಬಡಿಯುತ್ತಿದ್ದ ಕೈ ನಿಂತಿತು. ಸಾಲು ಚದುರಿ ಗಾಡಿಯ ಕಡೆ ಓಡಿತು. ಕಿಂಡಿ ಸಾಹೇಬ ಕೋಟು ಸರಿಮಾಡಿಕೊಂಡು, ಪ್ಲಾಟ್‌ಫಾರ್ಮಿಗೆ ಬಂದು, ಇನ್ಸ್‌ಪೆಕ್ಟರ್ ಪಕ್ಕ ನಿಂತ. ಓಡುವವರತ್ತ ಬೆರಳು ಮಾಡಿ, "ನೀವೇ ನೋಡಿ ಸಾರ್. ಒಬ್ಬನ ಹತ್ರ ಬಿಟ್ರೆ ಯಾರ ಹತ್ರನೂ ಟಿಕೆಟ್ ಇಲ್ಲ. ಎಲ್ಲಾ ಕಳ್ಳರು," ಎಂದ.

"ಹಾಗಾದ್ರೆ ಇಲ್ಲಿ ಗಾಡಿ ನಿಲ್ಲಿಸೋದು ಯಾಕ್ರೀ?" ಎಂದು ಇನ್ಸ್‌ಪೆಕ್ಟರ್ ಎದ್ದು ಹೊರಟರು.

ಕಿಂಡಿ ಸಾಹೇಬನ ಬೆರಳು ಮಾತ್ರ ಹಾಗೇ ಗಾಳಿಯಲ್ಲಿ ಉಳಿದಿತ್ತು. ಅದರ ನೇರಕ್ಕೆ, ಡಬ್ಬಿಯ ಬಾಗಿಲಲ್ಲಿ, ಅಜ್ಜಿಯ ಬುಟ್ಟಿಯನ್ನು ಒಳಗೆ ಎಳೆದುಕೊಳ್ಳುತ್ತಾ ಅವನ ಹೆಂಡತಿ ನಿಂತಿದ್ದಳು. ಗಾಡಿ ಅಲುಗಿತು.

"ಬಾರೇ, ಇಳಿಯೇ! ಟಿಕೆಟ್ ಇಲ್ಲ ನಿನ್ನ ಹತ್ರ! ಜಂಕ್ಷನ್‌ನಲ್ಲಿ ಹಿಡೀತಾರೆ!" ಎಂದು ಪಕ್ಕದಲ್ಲೇ ಓಡಿದ.

ಅವಳು ಅವನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು.

"ಹಿಡೀಲಿ ಬಿಡಿ. ಯಾರ ಹೆಂಡ್ತಿ ಅಂತ ಮಾತ್ರ ಹೇಳಲ್ಲ. ಅಷ್ಟು ಮರ್ಯಾದೆ ನಂಗೂ ಇದೆ."