ತಿರುಗಿ ಕೊಟ್ಟ ಉಡಿ

ನಮ್ಮ ಕಡಿ ಉಡಿ ತುಂಬಿಸಿಕೊಂಡಾಕಿ ಅದನ್ನ ತಿರುಗಿ ಕೊಡಂಗಿಲ್ಲ. ಐದು ಹಿಡಿ ಅಕ್ಕಿ, ಕೊಬ್ಬರಿ ಬಟ್ಟಲ, ಅರಿಷಿಣ ಬೇರು, ಉತ್ತತ್ತಿ, ಎಲಿ ಅಡಿಕಿ, ಮ್ಯಾಲೊಂದು ಖಣ, ಅಂದ್ರ ಕುಪ್ಪಸದ ಅರಿವಿ. ಎದುರಿನಾಕಿ ಹಣಿಗೆ ಕುಂಕುಮ ಹಚ್ಚಿ “ಉಡಿ ಹಿಡಿ” ಅಂದ್ರ ಮುಗೀತು, ಸೆರಗು ಒಡ್ಡಬೇಕು. ಬ್ಯಾಡ ಅನ್ನೂದ ಅಪಶಕುನ, ತಿರುಗಿ ಕೊಡೂದಂತೂ ಕೇಳಬ್ಯಾಡ್ರಿ. ನಾ ಕೊಟ್ಟೆ. ಹೆಡ್‌ಮಾಸ್ತರ ಟೇಬಲ್ ಮ್ಯಾಲ, ಎಲ್ಲಾರ ಮುಂದ, ಗಂಟು ಇಟ್ಟು ಬಂದೆ. ರಬಕವಿಯಾಗ ಇವತ್ತಿಗೂ ನನ್ನ ಬೆನ್ನ ಹಿಂದ “ಉಡಿ ತಿರುಗಿ ಕೊಟ್ಟಾಕಿ” ಅಂತಾರ. ಅನ್ಲಿ. ಯಾಕ ಕೊಟ್ಟೆ ಅನ್ನೂದನ್ನ ನಾನ ಬರದ್ರ ಛಲೋ, ಇಲ್ಲಾಂದ್ರ ಮಂದಿ ತಮಗ ಬೇಕಾದಂಗ ಹೇಳ್ಕೋತ ಹೋಗ್ತಾರ.

ನಮ್ಮ ಮನ್ಯಾಗ ಎರಡು ಪಾವರ್‌ಲೂಮ್ ಅದಾವ. ಒಂದನ್ನ ನಮ್ಮ ಮನಿಯವರು ನೋಡ್ತಾರ, ಒಂದನ್ನ ನಾ. ಇರೂ ಮಗಳು ಒಬ್ಬಾಕಿ, ಆವಾಗ ಒಂಬತ್ತನೇ ಕ್ಲಾಸು. ಬನಹಟ್ಟಿ ಕಡಿ ಒಂದು ಹೈಸ್ಕೂಲಿಗೆ ಹೋಗ್ತಿದ್ಲು, ಅದರ ಹೆಸರು ನಾ ಬರಿಯಂಗಿಲ್ಲ. ಹೋದ ವರ್ಷ ಮಳಿ ಹಿಂದ ಸರಿಯೂ ಹೊತ್ತಿಗೆ ಆಕಿಗೆ ಸೋಮವಾರ ಬಂತಂದ್ರ ಹೊಟ್ಟಿನೋವು ಸುರುವಾತು. ಮೊದಲನೇ ವಾರ ಅಜವಾನ ಅಗಿಯಾಕ ಕೊಟ್ಟೆ. ಎರಡನೇ ವಾರ “ಹೋಮ್‌ವರ್ಕ್ ಮಾಡಿಲ್ಲಲ್ಲ, ಅದಕ್ಕ ನಾಟಕ ಹಚ್ಚೀಯೇನ” ಅಂತ ಬೈದೆ. ಮೂರನೇ ವಾರ ರಟ್ಟಿ ಹಿಡದು ಎಳಕೊಂಡು ಹೋಗಿ ಸಾಲಿ ಗೇಟಿನ್ಯಾಗ ಬಿಟ್ಟು ಬಂದೆ. ಈಗ ನೆನಸಿಕೊಂಡ್ರ ನನ್ನ ಕೆನ್ನಿಗೆ ನಾನ ಹೊಡಕೋಬೇಕು ಅನಸ್ತೈತಿ.

ಒಂದು ಬುಧವಾರ ಸಾಲಿ ಬಿಟ್ಟು ಬಂದಾಕಿನ ನನ್ನ ಮಗ್ಗದ ಬಾಜೂ ಬಂದು ನಿಂತ್ಲು. ಮಗ್ಗ ಓಡೂವಾಗ ಒಬ್ಬರ ಮಾತು ಒಬ್ಬರಿಗೆ ಕೇಳಂಗಿಲ್ಲ, ಕಿವಿಗೆ ಬಾಯಿ ಹಚ್ಚಬೇಕು. ಆಕಿ ಹಚ್ಚಿದ್ಲು. ಎರಡು ಮಾತು ಕೇಳೂದ್ರಾಗ ನಾ ಸ್ವಿಚ್ ಆರಿಸಿದೆ. “ಬಂದ್ ಮಾಡಬ್ಯಾಡ ಬೇ, ಓಣ್ಯಾಗ ಕೇಳತೈತಿ” ಅಂತ ಆಕಿನ ಕೈ ಚಾಚಿ ಮತ್ತ ಸುರು ಮಾಡಿದ್ಲು. ಹದಿನಾಲ್ಕು ವರ್ಷದ ಹುಡುಗಿಗೆ ತನ್ನ ಸಂಕಟ ಹೇಳಾಕ ಇಡೀ ಮನ್ಯಾಗ ಸಿಕ್ಕ ಜಾಗ ಅದೊಂದ, ಮಗ್ಗದ ಸಪ್ಪಳ.

ಅವ ಆಕಿ ಕ್ಲಾಸಿನವನ, ಹಿಂದಿನ ಬೆಂಚಿನ್ಯಾಗ ಕೂಡ್ತಿದ್ದ. ಮೂರು ತಿಂಗಳಿಂದ ಹೊಲಸು ಮಾತು ಅಂತಿದ್ನಂತ. ನಳದಾಗ ನೀರು ಕುಡಿಯಾಕ ಬಗ್ಗಿದಾಗ ಫೋನಿನ್ಯಾಗ ಫೋಟೋ ಹೊಡದು, ಏನೇನೋ ಬರದು, ಹುಡುಗರ ಗ್ರೂಪಿಗೆ ಹಾಕಿದ್ನಂತ. ಅದರ ಹಿಂದಿನ ಶನಿವಾರ ಲ್ಯಾಬಿನ ಹಿಂದ ಹಾದಿಗೆ ಅಡ್ಡ ನಿಂತು ಮೈಮ್ಯಾಲ ಕೈ ಹಾಕಿದ್ನಂತ. ಅವ ಯಾರು ಅಂದ್ರ, ನನ್ನ ಗೆಳತಿ ಮಗ. ಆಕಿ ನಾನು ಇಬ್ಬರೂ ಸಾವಳಗಿ ಹೆಣ್ಮಕ್ಕಳು, ಒಂದ ಓಣಿಯವರು, ಒಂದ ವರ್ಷ ಈ ಕಡಿ ಕೊಟ್ಟಾರ. ಆಕಿ ಗಂಡಗ ಪಗಾರದ ನೌಕರಿ, ಬನಹಟ್ಟಿಯಾಗ ಮಾಳಿಗಿ ಮನಿ. ಆ ಹುಡುಗ ನನಗ ದೊಡ್ಡವ್ವ ಅಂತಾನ, ನನ್ನ ಕೈರೊಟ್ಟಿ ಉಂಡಾನ.

ಮತ್ತ ನಾ ಮೊದಲ ಕೇಳಿದ್ದೇನು ಗೊತ್ತೇನ್ರಿ? “ನೀ ಅವನ ಕೂಡ ನಕ್ಕೊಂತ ಮಾತಾಡ್ತಿದ್ದೇನು?” ಅಂತ ಕೇಳಿದೆ. ಆಕಿ ಮಾರಿ ಹಂಗ ಮುಚ್ಚಿಹೋತು. ಒಳಗ ಹೋದಾಕಿ ಎರಡು ದಿನ ನನ್ನ ಕೂಡ ಮಾತಿಲ್ಲ. ಅವ್ವ ಅಪ್ಪ ಆದವರಿಗೆ ಹೇಳಾಕತ್ತೇನಿ, ಮಗು ಬಾಯಿ ಬಿಟ್ಟಾಗ ಮೊದಲ “ಹೇಳಿದ್ದು ಛಲೋ ಮಾಡಿದಿ” ಅನ್ರಿ. ಉಳಿದದ್ದು ಏನ ಇದ್ರೂ ಆಮ್ಯಾಲ ಕೇಳಾಕ ಬರ್ತೈತಿ. ನಾ ಅನ್ನಲಿಲ್ಲ, ಅದಕ್ಕ ಹೇಳಾಕತ್ತೇನಿ.

ನಮ್ಮ ಮನಿಯವರು ಮೊದಲ ಬಡಿಗಿ ಹುಡುಕಿದ್ರು. ಸಿಟ್ಟು ಇಳದ ಮ್ಯಾಲ ಗ್ವಾಡಿಗೆ ಆನಿಸಿ ಕುಂತು, “ಸಾಲಿ ಬಿಡಿಸೂಣು. ಮನ್ಯಾಗ ಕಂಡಿಕಿ ಸುತ್ಕೋತ ಇರ್ಲಿ” ಅಂದ್ರು. ಕಂಡಿಕಿ ಸುತ್ತೂದಂದ್ರ ಲಾಳಿಗೆ ಹಾಕೂ ನೂಲು ಸುತ್ತೂದು, ಮುಂಜಾನೆಯಿಂದ ಸಂಜೀತನ ಸುತ್ತಿದ್ದನ್ನ ಸುತ್ತೂದು. ನನಗ ಅದು ಹೊಸಾದಲ್ಲ.

ಗುರುವಾರ ಸಾಲಿಗೆ ಹೋದೆ. ಹೆಡ್‌ಮಾಸ್ತರು ಕೆಟ್ಟ ಮನುಷ್ಯ ಅಲ್ಲ. ಕುರ್ಚಿ ಕೊಟ್ರು, ಚಾ ತರಿಸಿದ್ರು, ಎಲ್ಲಾ ಕೇಳಿಸಿಕೊಂಡ್ರು. ಆಮ್ಯಾಲ ದನಿ ಇಳಿಸಿ, “ವಯಸ್ಸ ಅಂಥಾದ್ದು ನೋಡ್ರಿ ಅವ್ವಾರ. ಹುಡುಗಾಟ. ಇದನ್ನ ಹೊರಗ ಹಾಕಿದ್ರ ಸಾಲಿ ಹೆಸರೂ ಹೋಗತೈತಿ, ನಿಮ್ಮ ಹುಡುಗಿ ಹೆಸರೂ ಹೋಗತೈತಿ” ಅಂದ್ರು. ನಾಲ್ಕು ದಿನ ಮನ್ಯಾಗ ಇಟ್ಕೋರಿ ಅಂದ್ರು. ಬೇಕಂದ್ರ ಟಿಸಿ ಕೊಡ್ತೇನಿ, ಮುಧೋಳದಾಗ ಹೆಣ್ಮಕ್ಕಳ ಹಾಸ್ಟೆಲ್ ಐತಿ, ನಾನ ಫೋನ್ ಮಾಡ್ತೇನಿ ಅಂದ್ರು. “ಮತ್ತ ಹುಡುಗಗ ಏನ್ ಮಾಡ್ತೀರಿ?” ಅಂದೆ. “ಕರದು ಬುದ್ಧಿ ಹೇಳ್ತೇನ್ರಿ” ಅಂದ್ರು. ಹುಡುಗಗ ಬುದ್ಧಿಮಾತು, ಹುಡುಗಿಗೆ ಟಿಸಿ! ಚಾ ಅಲ್ಲೇ ಬಿಟ್ಟು ಎದ್ದು ಬಂದೆ.

ಹೆಡ್‌ಮಾಸ್ತರು ಹುಡುಗನ ಮನಿಗೆ ಸುದ್ದಿ ಮುಟ್ಟಿಸಿದ್ರಂತ, ಶುಕ್ರವಾರ ಇಳಿಹೊತ್ತಿಗೆ ಗೆಳತಿ ಬಂದ್ಲು. ಕೈಯಾಗ ತಾಟು, ತಾಟಿನ ಮ್ಯಾಲ ವಸ್ತ್ರ. ಒಳಗ ಬಂದಾಕಿನ ನನ್ನ ಕೊಳ್ಳಿಗೆ ಬಿದ್ದು ಅತ್ಲು. “ಅಕ್ಕಾ, ತಪ್ಪಾತು. ಒಬ್ಬನ ಮಗ. ಅವನ ಜೀವನ ಹಾಳಾಗತೈತಿ” ಅಂದ್ಲು. ನನಗೂ ಅಳು ಬಂತು, ಯಾಕ ಸುಳ್ಳು ಹೇಳ್ಲಿ. ಆಕಿ ಕಣ್ಣು ಒರಸ್ಕೊಂಡು ನನ್ನ ಹಣಿಗೆ ಕುಂಕುಮ ಹಚ್ಚಿ, “ತವರಿನ ಉಡಿ ಅಕ್ಕಾ, ಹಿಡಿ” ಅಂದ್ಲು. ನನ್ನ ಕೈ ತಾನ ಸೆರಗಿಗೆ ಹೋತು. ಲಗ್ನ ಆದಾಗಿಂದ ಎಷ್ಟ ಉಡಿ ಹಿಡದ ಕೈಯೋ ಅದು, ನನ್ನ ಕೇಳಲಿಲ್ಲ. ಅಕ್ಕಿ ಬಿತ್ತು, ಕೊಬ್ಬರಿ ಬಿತ್ತು, ಖಣ ಬಿತ್ತು. ಆಕಿ ನಿಟ್ಟುಸಿರು ಬಿಟ್ಟು, “ಆತಲ್ಲ, ಇನ್ನ ನಮ್ಮ ನಮ್ಮೊಳಗ ಮುಗೀತು. ಹೆಡ್‌ಮಾಸ್ತರಿಗೂ ಹೇಳಿಬಿಡ್ತೇನಿ” ಅಂದ್ಲು.

ಆಕಿ ಹೋದ ಮ್ಯಾಲ ತಿರುಗಿ ನೋಡಿದ್ರ, ಮಗಳು ಅಡಗಿಮನಿ ಬಾಗಲಾಗ ನಿಂತಿದ್ಲು. ಎರಡು ದಿನದ ಮ್ಯಾಲ ಅವತ್ತ ಮಾತಾಡಿದ್ಲು. “ತ್ರಾಸ ಆಗಿದ್ದು ನನಗ. ಮುಗಸಾಕ ನೀ ಯಾರು ಬೇ?” ಅಂದ್ಲು.

ನಾ ಅಲ್ಲೇ ನೆಲಕ್ಕ ಕುಂತೆ. ಯಾಕಂದ್ರ ಈ ಮಾತು ನಾ ನನ್ನ ಅವ್ವಗ ಕೇಳಬೇಕಿತ್ತು, ಕೇಳಿರಲಿಲ್ಲ. ನಾನೂ ಒಂಬತ್ತನೇ ಕ್ಲಾಸಿನ್ಯಾಗ ಇದ್ದೆ. ಸಾವಳಗಿಯಿಂದ ಜಮಖಂಡಿಗೆ ಬಸ್ಸಿನ್ಯಾಗ ಹೈಸ್ಕೂಲಿಗೆ ಹೋಗ್ತಿದ್ದೆ. ಮ್ಯಾಲಿನ ಕ್ಲಾಸಿನವ ಒಬ್ಬ, ದೊಡ್ಡ ಮನಿತನದವ, ಗದ್ದಲದಾಗ ದಿನಾ ಬೆನ್ನಿಗೆ ಹತ್ತಿ ನಿಲ್ತಿದ್ದ, ಕೈ ಸುಮ್ನ ಇರ್ತಿರಲಿಲ್ಲ. ತಡಕೊಂಡು ತಡಕೊಂಡು ಅವ್ವಗ ಹೇಳಿದೆ. ಅವ್ವ ಅವರ ಮನಿಗೆ ಹೋಗಿ ಕೇಳಿಬಂದ್ಲು. ಮುಂದಿನ ಶುಕ್ರವಾರ ಅವನ ತಾಯಿ ಹಸಿರು ಇಲಕಲ್ ಸೀರಿ ಇಟ್ಟು ಅವ್ವಗ ಉಡಿ ತುಂಬಿ ಹೋದ್ಲು. ಸೋಮವಾರದಿಂದ ನನ್ನ ಸಾಲಿ ಬಂದ್. ಎರಡು ವರ್ಷಕ್ಕ ಲಗ್ನ, ಆಮ್ಯಾಲ ರಬಕವಿ, ಕಂಡಿಕಿ. ಅವ ಕಲ್ತ, ನೌಕರಿ ಹಿಡದ, ಈಗ ಬೀಳಗಿಯಾಗ ಅದಾನ. ಲಗ್ನ ಮುಂಜಿವ್ಯಾಗ ಕಂಡ್ರ “ಆರಾಮ ಅದೀರೇನ್ರಿ?” ಅಂತ ಕೇಳ್ತಾನ. ಆರಾಮ ಅದೇನಿ ಹಲ್ಕಟ್ ನನಮಗನ, ನೀ ಹೆಂಗದೀಯೋ?

ಮಗಳನ್ನ ಬಾಜೂ ಕುಂಡ್ರಿಸಿಕೊಂಡು, “ತಪ್ಪು ಮಾಡಿದೆ. ಈಗ ನೀ ಹೇಳು, ನಿನಗ ಏನಾಗಬೇಕು?” ಅಂದೆ. ಆಕಿ ಹೇಳಿದ್ಲು. “ನಾ ಅದ ಸಾಲಿಗೆ, ಅದ ಕ್ಲಾಸಿಗೆ ಹೋಗಬೇಕು. ಅವ ನನ್ನ ಹಿಂದ ಕೂಡಬಾರದು. ಆ ಫೋಟೋ ಎಲ್ಲಾರ ಫೋನಿಂದ ಹೋಗಬೇಕು.” ಅಷ್ಟ. ಯಾರನ್ನೂ ಗಲ್ಲಿಗೆ ಹಾಕ್ರಿ ಅನ್ನಲಿಲ್ಲ. ಒಳಗ ಕುಂತು ಕೇಳಾಕತ್ತಿದ್ದ ನಮ್ಮ ಮನಿಯವರು ಹೊರಗ ಬಂದ್ರು. “ನಾ ಮೊನ್ನೆ ಅಂದದ್ದನ್ನ ಮರತುಬಿಡವ್ವಾ” ಅಂದ್ರು.

ಶನಿವಾರ ಮುಂಜಾನೆ ಲಗೂನ ಎದ್ದು, ಮಗಳ ನೋಟ್‌ಬುಕ್ಕಿನ ಎರಡು ಹಾಳಿ ಹರಕೊಂಡು ಅರ್ಜಿ ಬರಿಯಾಕ ಕುಂತೆ. ಇಪ್ಪತ್ತು ವರ್ಷದ ಮ್ಯಾಲ ಪೆನ್ನು ಹಿಡದಿದ್ದೆ, ಅಕ್ಷರ ಸೊಟ್ಟ ಬಿದ್ದುವು. ಯಾವತ್ತ ಏನಾತು ಮಗಳು ಹೇಳಿದ್ಲು, ಆಕಿ ಹೇಳಿದಂಗ ಬರದೆ, ನನ್ನದೊಂದು ಮಾತೂ ಸೇರಸಲಿಲ್ಲ. ಎರಡೂ ಮಗ್ಗ ಬಂದ್ ಇದ್ದುವು. ನಮ್ಮ ಓಣ್ಯಾಗ ಕರೆಂಟ್ ಇದ್ದಾಗ ಮಗ್ಗ ನಿಂತ್ರ ಯಾರೋ ಸತ್ತಾರ ಅಂತ ಲೆಕ್ಕ. ಹತ್ತು ನಿಮಿಷದಾಗ ಬಾಜೂ ಮನಿಯಾಕಿ ಬಂದು, “ಯಾಕವ್ವಾ, ಮಗ್ಗ ಯಾಕ ನಿಂತಾವು?” ಅಂತ ಕೇಳಿದ್ಲು. ನಾ ಮಗಳ ಮಾರಿ ನೋಡಿದೆ. ಆಕಿ “ಹೇಳು” ಅಂದ್ಲು. ಹೇಳಿದೆ, ಅಂಗಳದಾಗ ನಿಂತು, ಗಟ್ಟಿಯಾಗಿ, “ನನ್ನ ಮಗಳ ಮೈಮ್ಯಾಲ ಸಾಲ್ಯಾಗ ಒಬ್ಬ ಕೈ ಹಾಕ್ಯಾನ. ಅದನ್ನ ಬರಿಯಾಕತ್ತೇನಿ.”

ಹೆಡ್‌ಮಾಸ್ತರ ಖೋಲಿಯಾಗ ಗೆಳತಿ, ಆಕಿ ಗಂಡ ಮೊದಲ ಬಂದು ಕುಂತಿದ್ರು. ರಾಜಿ ಆತು ಅಂತ ಹೇಳಾಕ ಬಂದಿದ್ರು. ಹೆಡ್‌ಮಾಸ್ತರೂ ನಗಾಕತ್ತಿದ್ರು. ಮಗಳು ನನ್ನ ಬಾಜೂಕ, ಅವರು ಆ ಕಡಿ, ವಿಜ್ಞಾನ ಕಲಸೂ ಟೀಚರ್ ಕಿಡಕಿ ಹತ್ರ. ನಾ ಚೀಲದಿಂದ ಉಡಿ ಗಂಟು ತಗದು ಟೇಬಲ್ ಮ್ಯಾಲ ಇಟ್ಟೆ. ಅದರ ಬಾಜೂಕ ಅರ್ಜಿ ಇಟ್ಟೆ.

“ತವರಿನ ಉಡಿ ಚೆಲ್ತೀಯೇನ ಅಕ್ಕಾ?” ಅಂದ್ಲು ಗೆಳತಿ.

“ಚೆಲ್ಲಾಕತ್ತಿಲ್ಲ ತಂಗಿ, ತಿರುಗಿ ಕೊಡಾಕತ್ತೇನಿ. ಒಂದು ಕಾಳೂ ಕಡಿಮಿ ಇಲ್ಲ. ಉಡಿ ತುಂಬಿಸಿಕೊಂಡಾಕಿ ನಾ. ತ್ರಾಸ ಉಂಡಾಕಿ ಈಕಿ. ನಿನ್ನ ಮಗ ಈಕಿಗೆ ಮಾಡಿದ್ದನ್ನ ನನ್ನ ಸೆರಗಿನ್ಯಾಗ ಮುಚ್ಚಿಡಾಕ ಬರಂಗಿಲ್ಲ.” ಆಮ್ಯಾಲ ಹೆಡ್‌ಮಾಸ್ತರಿಗೆ, “ಸರ್, ಅರ್ಜಿ ಮುಟ್ಟೇತಿ ಅಂತ ಸಹಿ ಹಾಕಿ ಶಿಕ್ಕಾ ಹೊಡೀರಿ” ಅಂದೆ.

ಅವರು ಕನ್ನಡಕ ತಗದ್ರು, ಒರಸಿದ್ರು, ಹಾಕ್ಕೊಂಡ್ರು. “ಸ್ವಲ್ಪ ವಿಚಾರ ಮಾಡೂಣು” ಅಂದ್ರು. ಆವಾಗ ಆ ಟೀಚರ್ ಬಾಯಿ ಬಿಟ್ಟು, “ಸರ್, ಗೊತ್ತಾದ ಮ್ಯಾಲ ನಾವು ಪೊಲೀಸರಿಗೆ ತಿಳಸಲಿಲ್ಲ ಅಂದ್ರ ಪೋಕ್ಸೊ ಕಾಯ್ದೆದಾಗ ಅದು ನಮ್ಮ ಅಪರಾಧ. ಮೊನ್ನೆನ ತಿಳಸಬೇಕಿತ್ತು” ಅಂದ್ರು. ಒಂದು ಸಾಲ್ಯಾಗ ಇಂಥಾವರು ಒಬ್ಬರಿದ್ರೂ ಸಾಕು. ಹೆಡ್‌ಮಾಸ್ತರು ಸಹಿ ಹಾಕಿದ್ರು. ಗೆಳತಿ ಗಂಟು ಎತ್ಕೊಂಡು ನನ್ನ ಕಡಿ ನೋಡಲಾರದ ಹೋದ್ಲು.

ಠಾಣೆಯಿಂದ ಹೆಣ್ಮಗಳೊಬ್ಬರು ಸಾದಾ ಸೀರಿಯಾಗ ಮನಿಗೆ ಬಂದು, ಮಗಳು ಹೇಳಿದ್ದನ್ನ ಬರಕೊಂಡು ಹೋದ್ರು. ಸಾಲ್ಯಾಗ ಹುಡುಗರ ಅಪ್ಪ ಅವ್ವನ್ನ ಕರಸಿ, ಎದುರಿಗೆ ಕುಂಡ್ರಿಸಿ ಎಲ್ಲಾ ಫೋನಿಂದ ಫೋಟೋ ತಗಿಸಿದ್ರು. ಅದಕ್ಕೂ ಮೊದಲ ಪೊಲೀಸರು ಒಂದು ಪ್ರತಿ ಪುರಾವೆಗೆ ಅಂತ ಇಟ್ಕೊಂಡಿದ್ರು. ಅವ ಇನ್ನೂ ಸಣ್ಣವ ಅಂತ ಮಕ್ಕಳ ನ್ಯಾಯ ಮಂಡಳಿ ಮುಂದ ಕರಸಿ, ವಾರಕ್ಕೊಮ್ಮೆ ತಿಳಿಹೇಳೂವರ ಕಡಿ ಹೋಗಬೇಕು ಅಂದ್ರಂತ. ಅಷ್ಟು ಸಾಕು ನನಗ. ಅವನೂ ಮಗುನ, ಕಲೀಲಿ. ಆದ್ರ ಅವ ಮಾಡಿದ್ದಕ್ಕ ಜಾಗ ಬಿಡಬೇಕಾದವ ಅವನ. ಸೆಕ್ಷನ್ ಬದಲಾಗಿದ್ದು ಅವಂದು, ನನ್ನ ಮಗಳದಲ್ಲ.

ಅರ್ಜಿ ಕೊಟ್ಟ ಮರು ಸೋಮವಾರನ ಆಕಿ ಸಾಲಿಗೆ ಹೋದ್ಲು. ಓಣ್ಯಾಗ “ನಾಳೆ ಈಕಿ ಲಗ್ನ ಹೆಂಗ?” ಅಂದೋರು ಇದ್ರು. “ಹಿಂಗ ಕೇಳೂ ಮನಿಗೆ ನಾವ ಕೊಡಂಗಿಲ್ಲ” ಅಂತ ಅಲ್ಲೇ ಹೇಳಿದೆ. ಇಬ್ಬರು ತಾಯಂದಿರು ಮಾತ್ರ ಬ್ಯಾರೆ ಬ್ಯಾರೆ ದಿನ ಬಂದು, ಮಗ್ಗದ ಸಪ್ಪಳದಾಗ ನನ್ನ ಕಿವಿಗೆ ಬಾಯಿ ಹಚ್ಚಿ ತಮ್ಮ ಮಕ್ಕಳದು ಹೇಳಿದ್ರು. ಇಬ್ಬರಿಗೂ ಅರ್ಜಿ ಬರದುಕೊಟ್ಟೆ. ಈಗ ನನ್ನ ಅಕ್ಷರ ಅಷ್ಟ ಸೊಟ್ಟ ಇಲ್ಲ. ಗೆಳತಿ ಇನ್ನೂ ಮಾತಾಡಂಗಿಲ್ಲ. ಸಂತ್ಯಾಗ ಕಂಡ್ರ ಹಾದಿ ತಪ್ಪಿಸ್ತಾಳ. ಕರುಳು ಚುರ್ ಅಂತೈತಿ, ಖರೆ. ಆದ್ರ ಇನ್ನೊಮ್ಮೆ ಬಂತಂದ್ರ ಇನ್ನೊಮ್ಮೆ ಹಂಗ ಮಾಡ್ತೇನಿ.

ಹೋದ ತಿಂಗಳ ಒಂದು ಐತವಾರ ಸಾವಳಗಿಯಿಂದ ಅವ್ವ ಬಂದ್ಲು. ತವರಿನ ಉಡಿ ತಿರುಗಿ ಕೊಟ್ಟ ಸುದ್ದಿ ಅಲ್ಲಿಗೆ ಎಂದೋ ಮುಟ್ಟಿತ್ತು. ಬೈತಾಳ ಅಂತ ನಾ ತಯಾರಾಗಿ ಕುಂತಿದ್ದೆ. ಆಕಿ ನೀರು ಸುದ್ದಾ ಕುಡೀಲಿಲ್ಲ, ಚೀಲದಿಂದ ಒಂದು ಹಳೇ ವಸ್ತ್ರದ ಗಂಟು ತಗದ್ಲು. ಒಳಗ ಆ ಹಸಿರು ಸೀರಿ. ಮಡಿಕಿ ಬಿಚ್ಚಿರಲಿಲ್ಲ, ಒಂದು ದಿನಾನೂ ಉಟ್ಟಿರಲಿಲ್ಲ. “ಅವತ್ತ ನಾ ಸೆರಗು ಒಡ್ಡಬಾರದಿತ್ತು ಬೇ. ನಿನ್ನ ಸಾಲಿ ನಾ ತಿಂದೆ” ಅಂದ್ಲು. ಕಣ್ಣು ಒರಸ್ಕೊಂಡು, “ಅವನ ಮನಿ ಬೀಳಗಿಯಾಗ ಎಲ್ಲೈತಿ ಗೊತ್ತೈತೇನು ನಿನಗ?” ಅಂತ ಕೇಳಿದ್ಲು.

“ಗೊತ್ತೈತಿ” ಅಂದೆ.

“ನಡಿ, ಕೊಟ್ಟು ಬರೂಣು.”

ಪುಸ್ತಕ ಹರವಿಕೊಂಡು ಕುಂತಿದ್ದ ಮಗಳು ಪಟ್ನ ಎದ್ದು, “ನಾನೂ ಬರ್ತೇನಿ” ಅಂದ್ಲು. ಈಗ ಆಕಿ ಹತ್ತನೇ ಕ್ಲಾಸು. “ನಾಳೆ ನಿನಗ ಗಣಿತ ಪರೀಕ್ಷೆ ಐತಿ, ಕುಂತು ಓದು” ಅಂದೆ. ನಾನು ಅವ್ವ ಇಬ್ಬರ ಬಸ್ ಸ್ಟ್ಯಾಂಡಿಗೆ ನಡದ್ವಿ.